ಟಾರ್ಚ್ ಹಿಡಿದು ನಿಂತ ಹುಡುಗ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ನಡುವೆ ಗುಡ್ಡ, ತೋಡು, ಗದ್ದೆ. ರಾತ್ರಿ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ ಅಂಗಳಕ್ಕಿಳಿದು ‘ಕೂ’ ಎಂದು ಕೂಗುವುದೇ ನಮ್ಮ ಹಿರಿಯರ ತುರ್ತು ಕರೆಯಾಗಿತ್ತು. ಆಚೆ ಗುಡ್ಡದವರು ಮರುಕೂಗು ಹಾಕಿ, ಸೂಟೆ ಉರಿಸಿಕೊಂಡು ಬರುತ್ತಿದ್ದರು. ಕೂಗಿದವರು ಯಾರು, ಮನೆ ಎಲ್ಲಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಧ್ವನಿಯೇ ವಿಳಾಸವಾಗಿತ್ತು. ಆದರೆ ರೋಗಿಯನ್ನು ಕುರ್ಚಿಗೆ ಕಟ್ಟಿ ರಸ್ತೆಯವರೆಗೆ ಹೊರುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತಿತ್ತು ಎಂಬುದನ್ನೂ ನಾವು ಮರೆಯಬಾರದು.

ದೂರದ ದೇಶಗಳಲ್ಲೂ ತುರ್ತು ಕರೆಯ ಸಂಖ್ಯೆ ಹುಟ್ಟಿದ್ದು ಸಾವಿನಿಂದಲೇ. 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಮನೆಯವರೊಬ್ಬರು ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದರು. ಆದರೆ ಆ ಕರೆ ಟೆಲಿಫೋನ್ ಎಕ್ಸ್‌ಚೇಂಜಿನ ಸರದಿಯಲ್ಲೇ ಸಿಕ್ಕಿಕೊಂಡಿತ್ತು. ಆ ದುಃಖದ ಫಲವಾಗಿ 1937ರ ಜೂನ್ 30ರಂದು 999 ಜಾರಿಗೆ ಬಂತು. ಅಮೆರಿಕದ ಮೊದಲ 911 ಕರೆ 1968ರ ಫೆಬ್ರವರಿ 16ರಂದು ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಲ್ಲಿ ಸದ್ದು ಮಾಡಿತು.

ನಮ್ಮಲ್ಲಿ ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101 ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಆದರೆ ಫೋನೇ ಇಲ್ಲದ ಮನೆಗೆ ಸಂಖ್ಯೆಯಿಂದ ಏನು ಪ್ರಯೋಜನ? ಪೇಟೆಯ ಅಂಗಡಿಯ ಫೋನು, ಆಮೇಲೆ ಎಸ್‌ಟಿಡಿ ಬೂತು, ಕೊನೆಗೆ ಬಾಡಿಗೆ ಜೀಪಿನವನ ಬಾಗಿಲು: ಇದೇ ನಮ್ಮ ವ್ಯವಸ್ಥೆಯಾಗಿತ್ತು. ನಡುರಾತ್ರಿ ಎಬ್ಬಿಸಿದರೂ ಬೇಸರಿಸದೆ ಮಂಗಳೂರಿಗೆ ಹೊರಡುತ್ತಿದ್ದ ಆ ಜೀಪಿನವರ ಉಪಕಾರವನ್ನು ಯಾವ ಇತಿಹಾಸವೂ ಬರೆದಿಟ್ಟಿಲ್ಲ.

2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ಕರೆ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಒಬ್ಬರು ವಿವರ ಬರೆದುಕೊಳ್ಳುತ್ತಾರೆ. ಹತ್ತಿರದ ವಾಹನ ಯಾವುದೆಂದು ಕಂಪ್ಯೂಟರ್ ತೋರಿಸುತ್ತದೆ. ಚಾಲಕನಿಗೆ ಸಂದೇಶ ಹೋಗುತ್ತದೆ. ರೋಗಿ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಜೀಪಿನ ಬಾಡಿಗೆಗೆ ಹೆಂಡತಿಯ ಕಿವಿಯೋಲೆ ಅಡವಿಡುತ್ತಿದ್ದ ಬಡವನಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಯಂತ್ರಕ್ಕೂ ಮುಪ್ಪು ಬರುತ್ತದೆ. ಸೇವೆ ನಡೆಸುತ್ತಿದ್ದ ಖಾಸಗಿ ಸಂಸ್ಥೆಯೊಂದಿಗಿನ ಒಪ್ಪಂದವನ್ನು ಕೊನೆಗೊಳಿಸಲು ಸರ್ಕಾರ 2017ರಲ್ಲೇ ಹೊರಟಿತ್ತು. ಹೊಸ ಟೆಂಡರ್ ದಡ ಸೇರಲಿಲ್ಲ. ‘ಸದ್ಯಕ್ಕೆ ಇರಲಿ’ ಎಂದು ಹಳೆಯದನ್ನೇ ವರ್ಷವರ್ಷ ದೂಡಲಾಯಿತು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಆ ‘ಸದ್ಯ’ ಮುಗಿಯಿತು. ಕೇಂದ್ರದ ಯಂತ್ರ ಕೆಟ್ಟು, ರಾಜ್ಯದಾದ್ಯಂತ 700ಕ್ಕೂ ಹೆಚ್ಚು ಆಂಬ್ಯುಲೆನ್ಸ್‌ಗಳ ಸೇವೆ ಏರುಪೇರಾಯಿತು. ವಾಹನಗಳಿದ್ದವು, ಚಾಲಕರಿದ್ದರು, ಯಾರು ಎಲ್ಲಿಗೆ ಹೋಗಬೇಕೆಂದು ಹೇಳುವ ಯಂತ್ರ ಮಾತ್ರ ಮೂಕವಾಗಿತ್ತು. ಸಿಬ್ಬಂದಿ ಕೈಯಲ್ಲೇ ಬರೆದುಕೊಂಡು ವಾಹನ ಕಳಿಸಬೇಕಾಯಿತು. ಜನರಿಗೆ 104, 112ಕ್ಕೆ ಕರೆ ಮಾಡಿ ಎನ್ನಲಾಯಿತು.

ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಎಲ್ಲಕ್ಕೂ ಒಂದೇ ಸಂಖ್ಯೆ ಎಂಬ ಈ 112, 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಿಂದ ಆರಂಭವಾಗಿ ಮುಂದೆ ನಮ್ಮ ರಾಜ್ಯಕ್ಕೂ ಬಂದದ್ದು. ಹಳೆಯದನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬದಲಿಸುವಾಗ ಏನನ್ನು ಉಳಿಸಿಕೊಳ್ಳಬೇಕು ಎಂಬುದೇ ನಮ್ಮ ಪ್ರಶ್ನೆ.

ಅದೇ 2022ರ ಆಗಸ್ಟ್ ಆರಂಭದ ಮಳೆಯನ್ನು ನೆನೆಯೋಣ. ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಎಳೆಯ ಹೆಣ್ಣುಮಕ್ಕಳು ಮನೆಯೊಳಗೇ ಮಣ್ಣುಪಾಲಾದರು. ಹರಿಹರ ಪಳ್ಳತ್ತಡ್ಕ, ಕೊಲ್ಲಮೊಗ್ರು ಕಡೆ ಹೊಳೆ ಉಕ್ಕಿತು. ಇಂಥ ರಾತ್ರಿಗಳಲ್ಲಿ ಮೊದಲು ಸಾಯುವುದು ಕರೆಂಟು, ಆಮೇಲೆ ಮೊಬೈಲ್ ಟವರ್. ಎಲ್ಲಕ್ಕೂ ಮೊದಲು ತಲುಪುವವರು ನೆರೆಕರೆಯವರೇ. 2018ರಲ್ಲಿ ಜೋಡುಪಾಲದ ಗುಡ್ಡ ಜರಿದಾಗಲೂ ಹಾಗೆಯೇ ಆಯಿತು. ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ಅನ್ನ ಬಡಿಸಿದವರ ಜಾತಿ, ಮತ ಯಾವುದೆಂದು ಉಂಡವರು ಕೇಳಲಿಲ್ಲ.

ಈಗಲೂ ನಮ್ಮೂರಲ್ಲಿ ಆಂಬ್ಯುಲೆನ್ಸ್‌ಗೆ ಕರೆ ಮಾಡಿದ ಮನೆಯವರು ಮರುಕ್ಷಣವೇ ಒಬ್ಬ ಹುಡುಗನ ಕೈಗೆ ಟಾರ್ಚ್ ಕೊಟ್ಟು ರಸ್ತೆಗೆ ಓಡಿಸುತ್ತಾರೆ. ಬೆಂಗಳೂರಿನಲ್ಲಿ ಕುಳಿತವರಿಗೆ ‘ಕಟ್ಟದಿಂದ ಮೇಲೆ, ಹಲಸಿನ ಮರದ ಬಲಕ್ಕೆ’ ಎಂದರೆ ಹೇಗೆ ತಿಳಿದೀತು? ಕರೆ ಮಾಡಿದ ತಾಯಿಗೆ ಬ್ಯಾರಿಯೋ ತುಳುವೋ ಅರೆಭಾಷೆಯೋ ಬಾಯಿಗೆ ಬರುತ್ತದೆ; ಗಾಬರಿಯಲ್ಲಿ ಪುಸ್ತಕದ ಕನ್ನಡ ಹೊರಡುವುದಿಲ್ಲ. ಆಕೆಯ ಕರೆಯನ್ನು ಮನೆ ಮುಟ್ಟಿಸುವವನು ಆ ಹುಡುಗ. ಆದರೆ ಅವನು ಯಾವ ಟೆಂಡರಿನಲ್ಲೂ ಇಲ್ಲ.

ಹೊಸ ವ್ಯವಸ್ಥೆ ತರುವವರಲ್ಲಿ ನಮ್ಮ ವಿನಂತಿ ಇಷ್ಟೆ. ಹೊಸದು ಗಟ್ಟಿಯಾಗಿ ನಿಲ್ಲುವವರೆಗೆ ಹಳೆಯದನ್ನು ಕೀಳಬೇಡಿ. ಹಳೆಯದು ಉಸಿರು ಬಿಡುವವರೆಗೆ ಹೊಸದನ್ನು ಮುಂದೂಡಲೂ ಬೇಡಿ. ಪಂಚಾಯತಿನ ನೆರವು ಪಡೆದು ಮನೆಹೆಸರು, ಕಾಲುಸಂಕ, ಅಡ್ಡದಾರಿಗಳನ್ನು ಆ ಕಂಪ್ಯೂಟರಿಗೆ ಕಲಿಸಿ. ಜಿಲ್ಲೆಯ ಮಾತು ಬಲ್ಲವರನ್ನು ಫೋನಿನ ಮುಂದೆ ಕೂರಿಸಿ.

ಕೂಗಿದರೆ ಓಗೊಡುವವರಿದ್ದಾರೆ ಎಂಬ ಭರವಸೆಯಿಂದಲೇ ಗುಡ್ಡದ ಒಂಟಿ ಮನೆಗಳು ಇಷ್ಟು ಕಾಲ ದೀಪ ಆರಿಸಿ ಮಲಗಿವೆ. ಯಂತ್ರ ಯಾವುದೇ ಬರಲಿ, ಆ ಭರವಸೆ ಒಂದು ರಾತ್ರಿಯ ಮಟ್ಟಿಗೂ ಕೆಡಬಾರದು.