ಗೋಡೆ ಹಾರಿದವರ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಫೋನು ಮಾಡಿದ್ದ. ಅವನ ಮಗನೇ ಈಗ ಹೈಸ್ಕೂಲಿಗೆ ಹೋಗುತ್ತಿದ್ದಾನೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, “ಸರ್, ಫ್ರೆಂಚ್ ಸಿನಿಮಾಗಳಲ್ಲಿ ಹುಡುಗರು ಮಹಡಿಯಿಂದ ಮಹಡಿಗೆ ಹಾರುತ್ತಾರಲ್ಲ, ಅದನ್ನು ನನ್ನ ಮಗ ಹತ್ತು ಸಲ ನೋಡಿದ್ದಾನೆ. ಅವರಾಡುವ ಒಂದು ಮಾತೂ ಅವನಿಗೆ ಅರ್ಥವಾಗುವುದಿಲ್ಲ. ಅದರಲ್ಲಿ ಅಂಥದ್ದೇನಿದೆ?” ಎಂದು ಕೇಳಿದ. ಆ ಕ್ಷಣಕ್ಕೆ ನಾನು ಉತ್ತರ ಕೊಡಲಿಲ್ಲ. ಆ ಚಿತ್ರಗಳನ್ನು ತರಿಸಿಕೊಂಡು ನೋಡಿದೆ. ಇತಿಹಾಸ ಪಾಠ ಮಾಡಿದವನ ದುರಭ್ಯಾಸವೆಂದರೆ, ಒಬ್ಬ ಹಾರಿದನೆಂದರೆ ಎಲ್ಲಿಂದ ಹಾರಿದ, ಯಾವ ಗೋಡೆಯನ್ನು ಹಾರಿದ, ಆ ಗೋಡೆಯನ್ನು ಕಟ್ಟಿದವರಾರು ಎಂದು ಹಿಂದಕ್ಕೆ ಹಿಂದಕ್ಕೆ ಹೋಗುವುದು. ಹಾಗೆ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟಡಗಳ ನಡುವೆ ಓಡಿ, ಹಾರಿ, ಹತ್ತಿ, ಎದುರಾದ ಅಡೆತಡೆಗಳನ್ನು ದೇಹಬಲದಿಂದಲೇ ದಾಟುವ ಈ ವಿದ್ಯೆಗೆ ‘ಪಾರ್ಕೂರ್’ ಎಂದು ಹೆಸರು. ಪಥ ಅಥವಾ ದಾರಿ ಎಂಬರ್ಥದ ಫ್ರೆಂಚ್ ಪದವೊಂದರ ಕಾಗುಣಿತವನ್ನು ತುಸು ಬದಲಿಸಿ, 1990ರ ದಶಕದ ಕೊನೆಯಲ್ಲಿ ಈ ಹೆಸರನ್ನು ಮಾಡಿಕೊಂಡರು. ಹೆಸರು ಹೊಸದಾದರೂ ವಿದ್ಯೆ ಹಳೆಯದು, ಮತ್ತು ಅದರ ಮೂಲ ಪ್ಯಾರಿಸ್ಸಿನಲ್ಲಿಲ್ಲ.

1902ರ ಮೇ 8ರಂದು ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಎಂಬ ಜ್ವಾಲಾಮುಖಿ ಸ್ಫೋಟಿಸಿತು. ಸೇಂಟ್ ಪಿಯೆರ್ ಪಟ್ಟಣ ಕೆಲವೇ ನಿಮಿಷಗಳಲ್ಲಿ ಭಸ್ಮವಾಗಿ, ಸುಮಾರು 28,000 ಜನ ಸತ್ತರು. ಆಗ ರಕ್ಷಣಾ ಕಾರ್ಯದಲ್ಲಿ ತೊಡಗಿದ್ದವರಲ್ಲಿ ಜಾರ್ಜ್ ಎಬೇರ್ ಎಂಬ ಫ್ರೆಂಚ್ ನೌಕಾಧಿಕಾರಿಯೂ ಒಬ್ಬ. ದೇಹಬಲವೆಂಬುದು ಆಪತ್ತಿನಲ್ಲಿ ಇನ್ನೊಬ್ಬರ ಉಪಯೋಗಕ್ಕೆ ಬರಬೇಕು, ಇಲ್ಲವಾದರೆ ಅದು ಬರಿಯ ಪ್ರದರ್ಶನ ಎಂಬ ನಂಬಿಕೆ ಅವನಲ್ಲಿ ಬೇರೂರಿತು. ನೌಕಾಯಾನದ ಕಾಲದಲ್ಲಿ ದೂರದ ನಾಡುಗಳಲ್ಲಿ ಕಂಡ ಮೂಲನಿವಾಸಿಗಳ ಚುರುಕಾದ ದೇಹಗಳನ್ನೂ ಅವನು ಮರೆತಿರಲಿಲ್ಲ. ಅವರಿಗೆ ವ್ಯಾಯಾಮ ಕಲಿಸಿದವರಾರು? ನಡೆಯುವುದು, ಓಡುವುದು, ಹತ್ತುವುದು, ಈಜುವುದು, ಭಾರ ಎತ್ತುವುದು, ಇವೇ ಅವರ ಗುರುಗಳು. ಈ ವಿಚಾರದಿಂದ ಎಬೇರ್ ‘ಸಹಜ ಪದ್ಧತಿ’ ಎಂಬ ವ್ಯಾಯಾಮ ಕ್ರಮವನ್ನು ರೂಪಿಸಿದ. ಫ್ರೆಂಚ್ ಸೇನೆಯ ತರಬೇತಿಯಲ್ಲಿ ಬಳಕೆಗೆ ಬಂದ ಅಡೆತಡೆಗಳ ಓಟಕ್ಕೆ ಅವನ ವಿಚಾರಗಳೇ ಪ್ರೇರಣೆ.

ಇಲ್ಲಿಂದ ಕಥೆ ವಿಯೆಟ್ನಾಮಿಗೆ ಹೊರಳುತ್ತದೆ, ಏಕೆಂದರೆ ಫ್ರೆಂಚ್ ಸೇನೆ ಹೋದಲ್ಲೆಲ್ಲ ಅದರ ತರಬೇತಿಯೂ ಹೋಯಿತು. 1939ರಲ್ಲಿ ಆಗಿನ ಫ್ರೆಂಚ್ ಇಂಡೋಚೈನಾದಲ್ಲಿ, ಫ್ರೆಂಚ್ ತಂದೆಗೂ ವಿಯೆಟ್ನಾಮಿ ತಾಯಿಗೂ ಜನಿಸಿದ ರೇಮಂಡ್ ಬೆಲ್ ಎಂಬ ಹುಡುಗ ಯುದ್ಧದ ಗೊಂದಲದಲ್ಲಿ ಮನೆಯವರಿಂದ ಅಗಲಿ, ದಲಾತ್ ಎಂಬ ಊರಿನ ಸೈನಿಕ ಶಾಲೆಯನ್ನು ಸೇರಿದ. ಅಲ್ಲಿನ ಬದುಕು ಕ್ರೂರವಾಗಿತ್ತು. ಬಲಿಷ್ಠ ಹುಡುಗರ ಹೊಡೆತಗಳಿಂದ ಪಾರಾಗಲು, ಉಳಿದವರು ಮಲಗಿದ ಮೇಲೆ ಅವನು ಒಬ್ಬನೇ ಎದ್ದು ಹೋಗಿ ಓಡುವುದನ್ನೂ ಮರ ಹತ್ತುವುದನ್ನೂ ಅಭ್ಯಾಸ ಮಾಡುತ್ತಿದ್ದನಂತೆ. ಈ ವಿವರವನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಡೀ ವಿದ್ಯೆಯ ಬೀಜ ಆ ಕತ್ತಲೆಯ ಮೈದಾನದಲ್ಲಿದೆ ಎಂದು ನನ್ನ ಅಭಿಪ್ರಾಯ. ಯಾರೂ ನೋಡುತ್ತಿರಲಿಲ್ಲ. ಚಪ್ಪಾಳೆಯಿರಲಿಲ್ಲ. ತಪ್ಪಿಸಿಕೊಳ್ಳಬೇಕಾಗಿತ್ತು, ಅಷ್ಟೆ.

1954ರಲ್ಲಿ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚರು ಸೋತರು. ಹುಡುಗ ಫ್ರಾನ್ಸಿಗೆ ಬಂದು, ಮುಂದೆ ಪ್ಯಾರಿಸ್ಸಿನ ಅಗ್ನಿಶಾಮಕ ದಳವನ್ನು ಸೇರಿದ. (ಆ ದಳ ಸೇನೆಯದೇ ಒಂದು ಅಂಗ.) 1969ರ ಜನವರಿಯ ಒಂದು ಭಾನುವಾರ ನೋತ್ರ್ ದಾಮ್ ಚರ್ಚಿನ ಗೋಪುರದ ತುದಿಯಲ್ಲಿ ವಿಯೆಟ್ ಕಾಂಗ್ ಧ್ವಜ ಹಾರಾಡುತ್ತಿತ್ತು. ರಾತ್ರೋರಾತ್ರಿ ಯಾರೋ ಹತ್ತಿ ಕಟ್ಟಿದ್ದರು. ನೆಲದಿಂದ ಸುಮಾರು 96 ಮೀಟರ್ ಎತ್ತರದ ಆ ಗೋಪುರದಿಂದ ಧ್ವಜವನ್ನು ತೆಗೆಯಲು ಹೆಲಿಕಾಪ್ಟರಿನಿಂದ ಒಬ್ಬನನ್ನು ಇಳಿಸಿದರು. ಅವನೇ ರೇಮಂಡ್ ಬೆಲ್. ಹುಟ್ಟಿದ ನೆಲದ ಹೋರಾಟಗಾರರ ಬಾವುಟವನ್ನು, ಆ ನೆಲವನ್ನು ಆಳಿದವರ ರಾಜಧಾನಿಯಲ್ಲಿ, ಅವನೇ ಕಿತ್ತು ತರಬೇಕಾಯಿತು. ಆಗ ಅವನ ಮನಸ್ಸಿನಲ್ಲಿ ಏನಿತ್ತೋ! ಕಾದಂಬರಿಕಾರನಾರಾದರೂ ಇದನ್ನು ಬರೆದಿದ್ದರೆ ‘ಅತಿಯಾಯಿತು’ ಎಂದು ನಾನೇ ಟೀಕಿಸುತ್ತಿದ್ದೆ.

ಈ ರೇಮಂಡನ ಮಗನೇ ಡೇವಿಡ್ ಬೆಲ್. ಹುಟ್ಟಿದ್ದು 1973ರಲ್ಲಿ. ಓದಿನಲ್ಲಿ ಅವನಿಗೆ ಮನಸ್ಸಿರಲಿಲ್ಲ. ಅವನು ಬೆಳೆದ ಲಿಸ್ ಎಂಬ ಊರು ಪ್ಯಾರಿಸ್ಸಿನ ದಕ್ಷಿಣಕ್ಕೆ, ಎವ್ರಿ ಎಂಬ ಹೊಸ ನಗರದ ಮಗ್ಗುಲಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಫ್ರೆಂಚ್ ಸರ್ಕಾರ ನಗರಗಳ ಹೊರವಲಯಗಳಲ್ಲಿ ಸಾವಿರಾರು ಮನೆಗಳ ಕಾಂಕ್ರೀಟ್ ವಸತಿ ಸಮುಚ್ಚಯಗಳನ್ನು ಕಟ್ಟಿಸಿತು. ಕಾಲಕ್ರಮದಲ್ಲಿ ಅಲ್ಜೀರಿಯಾ, ಮೊರಾಕ್ಕೊ, ಮಾಲಿ, ಸೆನೆಗಲ್‌ಗಳಿಂದ ಬಂದ ಕಾರ್ಮಿಕರ ಕುಟುಂಬಗಳು ಅಲ್ಲಿ ನೆಲೆಸಿದವು. 1970ರ ದಶಕದ ನಂತರ ಕಾರ್ಖಾನೆಗಳು ಮುಚ್ಚುತ್ತ ಬಂದವು. ಅವರ ಮಕ್ಕಳಿಗೆ ಉಳಿದದ್ದು ಮೆಟ್ಟಿಲು, ಕಟಾಂಜನ, ತಾರಸಿ, ಗೋಡೆ. ಆ ಗೋಡೆಗಳೇ ಅವರ ಆಟದ ಮೈದಾನವಾದವು. ತಂದೆಯಿಂದ ಕಲಿತದ್ದನ್ನು ಡೇವಿಡ್ ಅಲ್ಲಿ ಗೆಳೆಯರೊಡನೆ ಅಭ್ಯಾಸ ಮಾಡಿದ. ಒಂದೇ ಜಿಗಿತವನ್ನು ನೂರಾರು ಸಲ, ಮಳೆಯಲ್ಲಿ, ಚಳಿಯಲ್ಲಿ. ಆ ಗುಂಪು 1997ರಲ್ಲಿ ‘ಯಮಕಾಸಿ’ ಎಂದು ಹೆಸರಿಟ್ಟುಕೊಂಡಿತು. ಜಪಾನಿ ಪದದಂತೆ ಕೇಳಿಸಿದರೂ ಅದು ಆಫ್ರಿಕಾದ ಕಾಂಗೋ ಸೀಮೆಯ ಲಿಂಗಾಲ ಭಾಷೆಯ ನುಡಿ. ಬಲವುಳ್ಳ ದೇಹ, ಬಲವುಳ್ಳ ಮನಸ್ಸು ಎಂಬ ಭಾವ ಅದರದು. ವಸಾಹತುಗಳಲ್ಲಿ ಕಂಡದ್ದರಿಂದ ಎಬೇರ್ ರೂಪಿಸಿದ ವಿದ್ಯೆಗೆ ವಸಾಹತುಗಳಿಂದ ಬಂದವರ ಮಕ್ಕಳೇ ವಾರಸುದಾರರಾದರು.

ಇನ್ನು ಸಿನಿಮಾ. ಫ್ರೆಂಚ್ ಚಿತ್ರರಂಗಕ್ಕೆ ತಾರಸಿಗಳ ಮೋಹ ಹಳೆಯದು. 1915ರಲ್ಲಿ ಆರಂಭವಾದ ಲೂಯಿ ಫೆಯಾದ್‌ನ ‘ಲೆ ವಾಂಪಿರ್’ ಮೂಕಿಚಿತ್ರ ಸರಣಿಯಲ್ಲೇ ಕಪ್ಪು ಉಡುಪಿನ ಕಳ್ಳರು ಪ್ಯಾರಿಸ್ಸಿನ ಮಾಡುಗಳ ಮೇಲೆ ಸಂಚರಿಸುತ್ತಾರೆ. ಮುಂದೆ ಜೀನ್ ಪಾಲ್ ಬೆಲ್ಮೊಂದೊ ಎಂಬ ಜನಪ್ರಿಯ ನಟ ತನ್ನ ಸಾಹಸಗಳನ್ನು ಬದಲಿ ಕಲಾವಿದರಿಗೆ ಬಿಡದೆ ತಾನೇ ಮಾಡುತ್ತಿದ್ದ; 1975ರ ಚಿತ್ರವೊಂದರಲ್ಲಿ ಓಡುತ್ತಿರುವ ಮೆಟ್ರೊ ರೈಲಿನ ಮೇಲೆ ಅವನನ್ನು ಕಾಣಬಹುದು. ಆದರೆ ಬೆಲ್ಮೊಂದೊ ನಟ, ಸಾಹಸ ಅವನ ಉಲ್ಲಾಸ. ಯಮಕಾಸಿ ಹುಡುಗರ ವಿಷಯ ಬೇರೆ.

ನಿರ್ಮಾಪಕ ಲುಕ್ ಬೆಸ್ಸೊಂ ಅವರನ್ನು ಮೊದಲು 2000ದ ‘ಟ್ಯಾಕ್ಸಿ 2’ ಚಿತ್ರದಲ್ಲಿ ಬಳಸಿ, 2001ರಲ್ಲಿ ‘ಯಮಕಾಸಿ’ ಎಂಬ ಚಿತ್ರವನ್ನೇ ತೆರೆಗೆ ತಂದ. ಕಥೆ ಸಾಧಾರಣ. ಇವರನ್ನು ಅನುಕರಿಸಲು ಹೋಗಿ ಪ್ರಾಣಾಪಾಯಕ್ಕೆ ಸಿಕ್ಕಿದ ಹೃದ್ರೋಗಿ ಬಾಲಕನ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಲು ಅವರು ಶ್ರೀಮಂತ ವೈದ್ಯರ ಮನೆಗಳಿಗೆ ಕನ್ನ ಹಾಕುತ್ತಾರೆ. ಆ ವೇಳೆಗೆ ಗುಂಪು ಒಡೆದಿತ್ತು. ವೇದಿಕೆ, ಕ್ಯಾಮೆರಾ, ಹಣ ಬಂದ ಮೇಲೆ ಇದು ಸಾಧನೆಯೋ ಪ್ರದರ್ಶನವೋ ಎಂಬ ಪ್ರಶ್ನೆ ಎದ್ದು, ಡೇವಿಡ್ ಬೆಲ್ ಮತ್ತು ಸೆಬಾಸ್ಟಿಯನ್ ಫೂಕಾಂ ದೂರ ಸರಿದಿದ್ದರು. ಹಾಗೆಂದು ಅವರೂ ಕ್ಯಾಮೆರಾದಿಂದ ದೂರ ಉಳಿಯಲಿಲ್ಲ ಎನ್ನಿ! ಫೂಕಾಂ 2006ರಲ್ಲಿ ಜೇಮ್ಸ್ ಬಾಂಡನನ್ನು ಕ್ರೇನಿನ ತುದಿಯವರೆಗೂ ಓಡಿಸಿದ. ಡೇವಿಡ್ ಬೆಲ್ 2004ರ ‘ಬಾಂಲ್ಯೂ 13’ ಚಿತ್ರದ ನಾಯಕನಾದ.

ನನ್ನ ವಿದ್ಯಾರ್ಥಿಯ ಮಗ ಹತ್ತು ಸಲ ನೋಡಿದ್ದು ಇದನ್ನೇ. ಪಿಯೆರ್ ಮೊರೆಲ್ ನಿರ್ದೇಶಿಸಿದ ಈ ಚಿತ್ರ 2010ರ ಪ್ಯಾರಿಸ್ಸನ್ನು ಕಲ್ಪಿಸಿಕೊಂಡಿತ್ತು. ಹೊರವಲಯದ ಬಡಾವಣೆಯೊಂದರ ಸುತ್ತ ಸರ್ಕಾರವೇ ಗೋಡೆ ಕಟ್ಟಿ, ಅಲ್ಲಿನ ಶಾಲೆಗಳನ್ನು ಮುಚ್ಚಿ, ಜನರನ್ನು ಕೈಬಿಟ್ಟಿದೆ. ಚಿತ್ರದ ಮೊದಲ ಭಾಗದಲ್ಲಿ ಪುಂಡರ ಗುಂಪು ನಾಯಕನನ್ನು ಬೆನ್ನಟ್ಟುತ್ತದೆ. ಅವನು ಬಾಗಿಲಿನ ಮೇಲಿರುವ ಸಣ್ಣ ಕಿಂಡಿಯೊಳಗೆ ಮೀನಿನಂತೆ ನುಸುಳಿ, ಕಿಟಕಿಯಿಂದ ಹೊರಬಿದ್ದು, ಮಾಳಿಗೆಯಿಂದ ಮಾಳಿಗೆಗೆ ಹಾರಿ ಹೋಗುತ್ತಾನೆ. ತಂತಿಯ ಆಸರೆ, ಕಂಪ್ಯೂಟರಿನ ಕೈಚಳಕ ಬೇಡವೆಂಬುದೇ ಆ ಚಿತ್ರದ ಹೆಗ್ಗಳಿಕೆಯಾಗಿತ್ತು. ನೋಡುವವನ ಉಸಿರು ಕಟ್ಟುವುದು ಅದಕ್ಕೇ. ತಂತಿಯಲ್ಲಿ ತೂಗುವವನು ಬೀಳಲಾರನೆಂದು ನಮ್ಮ ಮೈಗೆ ಗೊತ್ತಿರುತ್ತದೆ. ಇವನು ಬೀಳಬಲ್ಲ. ಅದೂ ಅಲ್ಲದೆ ಅವನು ಹಾರುವುದು ಶೌರ್ಯ ತೋರಿಸಲಿಕ್ಕಲ್ಲ, ನೇರವಾದ ದಾರಿಗಳೆಲ್ಲ ಮುಚ್ಚಿರುವುದರಿಂದ. ಇದಕ್ಕೆ ಭಾಷೆ ಬೇಕಿಲ್ಲ. ಹದಿಮೂರು ಹದಿನಾಲ್ಕರ ಹುಡುಗರಿಗಂತೂ ಜಗತ್ತೆಲ್ಲ ಮುಚ್ಚಿದ ಬಾಗಿಲುಗಳಂತೆಯೇ ಕಾಣುತ್ತದೆ. ಎಷ್ಟೋ ವರ್ಷ ಅವರೆದುರು ನಿಂತು ಪಾಠ ಮಾಡಿದವನು ನಾನು.

ಚಿತ್ರ ತೆರೆಕಂಡು ಒಂದು ವರ್ಷವೂ ತುಂಬಿರಲಿಲ್ಲ. 2005ರ ಅಕ್ಟೋಬರ್ 27ರಂದು ಕ್ಲಿಶಿ ಸು ಬುವಾ ಎಂಬ ಅಂಥದೇ ಬಡಾವಣೆಯಲ್ಲಿ, ಪೊಲೀಸರಿಗೆ ಹೆದರಿ ಓಡಿದ ಮೂವರು ಹುಡುಗರು ವಿದ್ಯುತ್ ಉಪಕೇಂದ್ರವೊಂದರ ಗೋಡೆ ಹಾರಿ ಒಳಗೆ ಅಡಗಿದರು. ವಿದ್ಯುತ್ ಹರಿದು ಇಬ್ಬರು ಸತ್ತರು. ಒಬ್ಬನಿಗೆ 17, ಇನ್ನೊಬ್ಬನಿಗೆ 15 ವರ್ಷ. ಮೂರು ವಾರ ಫ್ರಾನ್ಸಿನ ಉಪನಗರಗಳು ಹೊತ್ತಿ ಉರಿದು, ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತು. ಆ ಮಕ್ಕಳೂ ಗೋಡೆ ಹಾರಿದವರೇ. ಸಿನಿಮಾದ ಗೋಡೆಯ ಆಚೆ ಇನ್ನೊಂದು ಮಾಳಿಗೆ ಇರುತ್ತದೆ, ಇವರಿಗೆ ಇರಲಿಲ್ಲ.

2024ರ ಜುಲೈ 26ರಂದು ಪ್ಯಾರಿಸ್ ಒಲಿಂಪಿಕ್ಸಿನ ಉದ್ಘಾಟನೆಯನ್ನು ಟಿ.ವಿ.ಯಲ್ಲಿ ನೋಡುತ್ತಿದ್ದೆ. ಧಾರಾಕಾರ ಮಳೆ. ಮುಸುಕುಧಾರಿಯೊಬ್ಬ ಪಂಜು ಹಿಡಿದು ನಗರದ ಮಾಡುಗಳ ಮೇಲೆ ಓಡುತ್ತಿದ್ದ. ಒಂದು ಕಾಲದಲ್ಲಿ ಕಾವಲುಗಾರರು ಬೈದು ಅಟ್ಟುತ್ತಿದ್ದ ವಿದ್ಯೆಗೆ ಅಂದು ದೇಶದ ಮರ್ಯಾದೆ ಸಂದಿತ್ತು. 2019ರ ಬೆಂಕಿಯಲ್ಲಿ ಕುಸಿದ ನೋತ್ರ್ ದಾಮಿನ ಗೋಪುರವೂ ಆ ವೇಳೆಗೆ ಮತ್ತೆ ಎದ್ದು ನಿಂತಿತ್ತು.

ಮರುದಿನ ವಿದ್ಯಾರ್ಥಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ ಎಂದುಕೊಳ್ಳಬೇಡಿ. ಅವನ ಪ್ರಶ್ನೆ ಬಂದದ್ದೇ ಆಮೇಲೆ. ಹೋದ ವಾರ ಹೇಳಿದೆ. ಮಗನನ್ನೇ ಫೋನಿಗೆ ಕರೆದ. ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, “ಅಜ್ಜ, ಆ ರಾತ್ರಿ ಎದ್ದು ಓಡುತ್ತಿದ್ದ ಹುಡುಗನಿಗೆ ಆಗ ಎಷ್ಟು ವರ್ಷ?” ಎಂದು ಕೇಳಿದ. ನಿನಗಿಂತ ಚಿಕ್ಕವನು ಎಂದೆ.