ಮಣ್ಣು ಎಷ್ಟು ಗಂಟೆಗೆ?

ಭದ್ರಾವತಿಯ ನ್ಯೂ ಟೌನಿನಲ್ಲಿ ಸಾವಾದ ಮನೆಗೆ ಬರುವ ಫೋನುಗಳಲ್ಲಿ ಎರಡು ಪ್ರಶ್ನೆ ಇದ್ದೇ ಇರುತ್ತವೆ: 'ಮಣ್ಣು ಎಷ್ಟು ಗಂಟೆಗೆ?', 'ಇಲ್ಲೋ, ಊರಲ್ಲೋ?' ಸುಡುವವರ ಮನೆಗೆ ಹೋಗಿ ಬಂದವರಲ್ಲೂ ಎಷ್ಟೋ ಮಂದಿ 'ಮಣ್ಣಿಗೆ ಹೋಗಿದ್ದೆ' ಎಂದೇ ಹೇಳುತ್ತಾರೆ. ಪಕ್ಕದ ಬೀದಿಯ ಉರ್ದು ಮನೆಮಾತಿನವರ 'ಮಿಟ್ಟಿ ದೇನಾ' ಇದಕ್ಕೆ ಒಡಹುಟ್ಟಿದ ಮಾತಿನಂತಿದೆ. ಕನ್ನಡಕ್ಕೆ ಪದದ ಬಡತನವೇನೂ ಇಲ್ಲ, 'ಹೂಳು' ಇದೆ. ನೀರಿನ ಪೈಪನ್ನು ಹೂಳುತ್ತೇವೆ, ಕೇಬಲ್ಲನ್ನು ಹೂಳುತ್ತೇವೆ, ಕಳ್ಳ ಒಡವೆಯನ್ನು ಹೂತಿಡುತ್ತಾನೆ. ಆದರೆ ಇವನ್ನು ಯಾರೂ 'ಮಣ್ಣು ಮಾಡು'ವುದಿಲ್ಲ. ಮಣ್ಣು ಮಾಡುವುದು ಮನುಷ್ಯರನ್ನು, ಹೆಚ್ಚೆಂದರೆ ವರ್ಷಗಟ್ಟಲೆ ನೇಗಿಲೆಳೆದ ಎತ್ತನ್ನು. ಅಕ್ಕಿಯನ್ನು ಅನ್ನ ಮಾಡುವ 'ಮಾಡು' ಇದೇ. ಹೂತದ್ದು ಹೂತಂತೆಯೇ ಇರುತ್ತದೆ; ಮಣ್ಣು ಮಾಡಿದ್ದು ಮಣ್ಣೇ ಆಗುತ್ತದೆ. ಹಾಗಾಗಿ ಉಳುವ ಮಣ್ಣೂ ಸತ್ತವರಿಗೆ ಕೊಡುವ ಮಣ್ಣೂ ಒಂದೇ ಪದದ ಎರಡು ಅರ್ಥಗಳಲ್ಲ, ಒಂದೇ ಅರ್ಥ ಎಂಬುದು ನನ್ನ ವಾದ.

'ಇಲ್ಲೋ, ಊರಲ್ಲೋ?' ಎಂಬ ಪ್ರಶ್ನೆಯಲ್ಲೇ ಇದಕ್ಕೆ ಸಾಕ್ಷ್ಯವಿದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಬೆನ್ನಿಗೆ ಬೆಳೆದ ಊರಿದು. ಕ್ವಾರ್ಟರ್ಸಿನ ಹಿತ್ತಲಲ್ಲಿ ಮೂವತ್ತು ವರ್ಷ ಕರಿಬೇವು ಬೆಳೆಸಿದವರೂ ನಿವೃತ್ತಿಯಾದ ಮೇಲೆ ಕೀಲಿಕೈ ಒಪ್ಪಿಸಲೇಬೇಕು. ಅವರ 'ನಮ್ಮ ಮಣ್ಣು' ಬೇರೆಲ್ಲೋ ತೋಟದ ಮೂಲೆಯಲ್ಲಿದೆ: ಬೇಲಿಯ ಪಕ್ಕ ಸುಣ್ಣ ಬಳಿದ ಮೊಣಕಾಲೆತ್ತರದ ಕಟ್ಟೆ, ಒಂದು ದೀಪದ ಗೂಡು, ಹಾಲುತುಪ್ಪ ಬಿಟ್ಟ ದಿನ ಉಳಿದುಹೋದ ಮಣ್ಣಿನ ಕುಡಿಕೆ. ಮೈಸೂರಿನಲ್ಲಿ 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿ ಇರುವುದೂ ಇದೇ ಜಿಲ್ಲೆಯ ಕುಪ್ಪಳಿಯಲ್ಲಿ, ಮನೆಯ ಹಿಂದಿನ ಕವಿಶೈಲದಲ್ಲಿ. ಇನ್ನೂ ಬಿಗಿಯಾದ ಸಾಕ್ಷ್ಯ ಶರಾವತಿಯ ಮುಳುಗಡೆ ಜನರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರ ಗದ್ದೆಗಳ ಜೊತೆ ಹಿರಿಯರ ಮಣ್ಣೂ ನೀರಿನಡಿ ಹೋಯಿತು. ಶಿವಮೊಗ್ಗದ ಕಾಡು ಕಡಿದು ಹೊಸದಾಗಿ ಸಾಗುವಳಿ ಮಾಡಿದ ಜಾಗಕ್ಕೆ ಹಕ್ಕುಪತ್ರ ಸಿಗದೆ ಸಾವಿರಾರು ಮನೆಗಳು ದಶಕಗಟ್ಟಲೆ ಅಲೆದವು, ಇನ್ನೂ ಅಲೆಯುತ್ತಿವೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಸಾವು ಕಾಯುವುದಿಲ್ಲವಲ್ಲ. ಅಂಥ ಕಡೆ ಅಪ್ಪನನ್ನು ಮಣ್ಣು ಮಾಡಿದ ಮೇಲೆ ಮಗನಿಗೆ ಆ ನೆಲ ಬರೀ ಬಗರ್ ಹುಕುಂ ಜಮೀನಾಗಿ ಉಳಿಯಲು ಸಾಧ್ಯವೇ? ಕಂದಾಯ ಇಲಾಖೆಗೆ ಸಾಧ್ಯ, ಅವನಿಗಲ್ಲ.

ಇದೆಲ್ಲ ಜಮೀನಿದ್ದವರ ಮಾತು ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಗೇಣು ಭೂಮಿಯೂ ಇಲ್ಲದವರು ಯಾವ ತೋಟದ ಮೂಲೆ ಹುಡುಕಬೇಕು? ದಲಿತ ಕೇರಿಗಳು ಸ್ಮಶಾನದ ಜಾಗಕ್ಕಾಗಿ ಹೆಣವಿಟ್ಟುಕೊಂಡೇ ಧರಣಿ ಕೂತದ್ದು ಈ ನಾಡಿಗೆ ಹೊಸ ಸುದ್ದಿಯಲ್ಲ. 'ಬೇಕಾದರೆ ನಿಮ್ಮ ಹೊಲದಲ್ಲೇ ಮಾಡಿಕೊಳ್ಳಿ' ಎಂಬ ಮಾತು ಎಷ್ಟೋ ಸಲ ಊರ ಸ್ಮಶಾನದಿಂದ ಹೊರಗಿಡುವ ನಯವಾದ ದಾರಿ. ಆ ದಾರಿಯೂ ತೆರೆದಿರುತ್ತದೆ ಎನ್ನುವಂತಿಲ್ಲ. ಛತ್ತೀಸಗಢದ ಬಸ್ತರಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿಯ ಶವ ಮೂರು ವಾರ ಶವಾಗಾರದಲ್ಲೇ ಉಳಿದು, ಎಲ್ಲಿ ಮಣ್ಣು ಮಾಡಬೇಕೆಂಬುದರಲ್ಲಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠ ಇಬ್ಭಾಗವಾಯಿತು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಕುಟುಂಬದ ಸ್ವಂತ ಜಮೀನಿನಲ್ಲೇ ಆಗಲಿ ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಗೊತ್ತುಪಡಿಸಿದ ಜಾಗದಲ್ಲೇ ಆಗಬೇಕೆಂದರು. ಕೊನೆಗೆ ಆದದ್ದು ಇಪ್ಪತ್ತು ಕಿಲೋಮೀಟರ್ ಆಚೆಯ ಸ್ಮಶಾನದಲ್ಲಿ. ಗೊತ್ತುಪಡಿಸಿದ ಜಾಗವೇ ಆಗಬೇಕೆಂಬ ನಿಲುವಿಗೂ ತೂಕವಿದೆ ಎಂದು ನನಗನಿಸುತ್ತದೆ: ಪ್ರತಿ ಹೊಲವೂ ಸಮಾಧಿಯಾದರೆ ಬಾವಿಯ ನೀರಿನ ಗತಿಯೇನು, ನಾಳೆ ಜಮೀನು ಮಾರಾಟವಾದರೆ ಆ ಕಟ್ಟೆಗೆ ದೀಪ ಹಚ್ಚಲು ಬರುವವರಿಗೆ ದಾರಿ ಬಿಡುವವರು ಯಾರು? ಸಾರ್ವಜನಿಕ ಸ್ಮಶಾನ ಪ್ರತಿ ಊರಿಗೂ, ಪ್ರತಿ ಜಾತಿಗೂ ಇರಲೇಬೇಕು. ನನ್ನ ವಾದ ಅದಕ್ಕೆ ಎದುರಲ್ಲ. ಹೊಲವನ್ನು ಕೊನೆಯ ಆಯ್ಕೆಯಾಗಿ ತೋರಿಸಿ ಸ್ಮಶಾನದ ಗೇಟು ಹಾಕುವುದಕ್ಕೆ ಎದುರು.

ಇದೆಲ್ಲ ಬರೀ ನುಡಿಗಟ್ಟು, ಅಷ್ಟು ಎಳೆಯಬೇಡಿ ಎನ್ನುವವರೂ ಇದ್ದಾರೆ. ಇರಬಹುದು. ಮಣ್ಣು ಕನ್ನಡದಲ್ಲಿ ಬೈಗುಳವೂ ಹೌದು: ಮಣ್ಣು ಮುಕ್ಕು, ಬಾಯಿಗೆ ಮಣ್ಣು, ಎಲ್ಲ ಮಣ್ಣುಪಾಲು. ಆದರೂ ದಾಯಾದಿಗಳ ಜಗಳ ಕೋರ್ಟು ದಾಟಿ ಎಷ್ಟು ಬೆಳೆದರೂ, ಅಲ್ಲಿ ಕೊನೆಗೆ ಉಳಿಯುವ ದೂರು ಎಕರೆ ಗುಂಟೆಯದಲ್ಲ. 'ಮಣ್ಣಿಗೂ ಬರಲಿಲ್ಲ' ಎಂಬುದು.