ಮಂಜುಗಡ್ಡೆಯ ಕೆಳಗೆ

ಬಚ್ಚಲಲ್ಲಿ ಜಾರಿ ಬಿದ್ದು ಮೂರು ತಿಂಗಳು ಮಂಚ ಹಿಡಿದಿದ್ದೆ. ಪಟ್ಟಿ ಬಿಚ್ಚಿದರೂ ನೋವು ಹೋಗಲಿಲ್ಲ. ಡಾಕ್ಟರರನ್ನು ಕೇಳಿ ಮಗಳು ಬಟ್ಟೆಯಲ್ಲಿ ಐಸ್ ಸುತ್ತಿ ತಂದು ಪಾದಕ್ಕೆ ಇಟ್ಟಾಗ ನಾನು ಕಿರುಚಿದ್ದು ಬೀದಿಗೇ ಕೇಳಿಸಿತಂತೆ. "ಇಷ್ಟಕ್ಕೇ ಹೀಗೆ ಮಾಡ್ತೀಯಲ್ಲಮ್ಮ" ಎಂದು ನಗುತ್ತಾ ಅವಳು ಯೊಹಾನ್ನಾ ನಾರ್ಡ್‌ಬ್ಲಾಡ್ ಎಂಬವಳ ಕತೆ ಹೇಳಿದಳು. ಆಮೇಲೆ ನಾನೇ ಕುತೂಹಲದಿಂದ ಹುಡುಕಿ ಓದಿದೆ.

ಯೊಹಾನ್ನಾ ಫಿನ್ಲೆಂಡಿನವಳು. ಉಸಿರು ಬಿಗಿಹಿಡಿದು ನೀರಲ್ಲಿ ಮುಳುಗುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸ. 2010ರಲ್ಲಿ ಸೈಕಲ್ಲಿನಲ್ಲಿ ಇಳಿಜಾರು ಇಳಿಯುವಾಗ ಬಿದ್ದು ಕಾಲು ಮುರಿಯಿತು. ಕತ್ತರಿಸಬೇಕಾದೀತೇನೋ ಎಂಬಷ್ಟು ಕೆಟ್ಟಿತು. ಕಾಲೇನೋ ಉಳಿಯಿತು, ಅದರ ಜೊತೆ ನೋವೂ ಉಳಿಯಿತು. ಕೊನೆಗೆ ತಣ್ಣೀರಿನ ಚಿಕಿತ್ಸೆ ಹೇಳಿದರು. ಮೊದಮೊದಲು ಅವಳಿಗೂ ತಡೆಯಲಾಗಲಿಲ್ಲವಂತೆ. (ಓದಿ ನನಗೆ ಎಷ್ಟು ಸಮಾಧಾನವಾಯಿತು ಅಂತೀರಿ!) ಬರಬರುತ್ತಾ ಆ ತಂಪಿನಲ್ಲೇ ಹಿತ ಕಂಡಳು.

ಆ ದೇಶದಲ್ಲಿ ಚಳಿಗಾಲಕ್ಕೆ ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ. ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರ; ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆ ಉಳಿದು ಗಡ್ಡೆ ಕಟ್ಟುತ್ತದೆ, ಕೆಳಗೆ ನೀರು ನೀರಾಗಿಯೇ ಇರುತ್ತದೆ. ಆ ಗಡ್ಡೆಯಲ್ಲಿ ಕೊರೆದ ಕಿಂಡಿಗೆ ಅವರಲ್ಲಿ 'ಅವಾಂತೊ' ಎಂದು ಹೆಸರು. ಅದರಲ್ಲಿ ಮುಳುಗಿ ಏಳುವುದು ನಮ್ಮ ಮಾಘಸ್ನಾನದಷ್ಟೇ ಅಲ್ಲಿ ಮಾಮೂಲು. ಆದರೆ ಒಂದು ಕಿಂಡಿಯಲ್ಲಿ ಇಳಿದು ಗಡ್ಡೆಯ ಅಡಿಯಲ್ಲೇ ಈಜಿ ಇನ್ನೊಂದರಲ್ಲಿ ಏಳುವುದು ಬೇರೆಯೇ ಮಾತು. ತಲೆಯ ಮೇಲೆ ಮುಚ್ಚಳವಿದೆ. ಸಾಕೆನಿಸಿದಾಗ ಏಳುವಂತಿಲ್ಲ.

2000ದಲ್ಲಿ ಹಾಲೆಂಡಿನ ವಿಮ್ ಹಾಫ್ ಅದೇ ಫಿನ್ಲೆಂಡಿನಲ್ಲಿ ಹೀಗೆ ಇಳಿದಾಗ ಚಳಿಗೆ ಕಣ್ಣು ಮಂಜಾಗಿ ಕಿಂಡಿ ಕಾಣಲಿಲ್ಲ. ಮುಳುಗುಗಾರನೊಬ್ಬ ಎಳೆದು ಉಳಿಸಿದ. ಮಾರನೆಯ ದಿನ ಮತ್ತೆ ಇಳಿದು 57.5 ಮೀಟರ್ ಈಜಿದನಂತೆ. ಗಂಡಸರ ಹಟ!

ಹೆಂಗಸರಿಗೆ ಚಳಿನೀರು ಹೊಸದೇನಲ್ಲ. ಕೊರಿಯಾದ ಜೇಜು ದ್ವೀಪದ ಹೆಂಗಸರು 1970ರ ದಶಕದಲ್ಲಿ ರಬ್ಬರಿನ ಉಡುಪು ಬರುವವರೆಗೂ ಬರಿಯ ಹತ್ತಿ ಬಟ್ಟೆಯಲ್ಲಿ, ಚಳಿಗಾಲದಲ್ಲೂ, ಚಿಪ್ಪು ಹೆಕ್ಕಲು ಸಮುದ್ರಕ್ಕೆ ಇಳಿಯುತ್ತಿದ್ದರು. ಅವರದು ಹೊಟ್ಟೆಪಾಡು. ದಾಖಲೆ ಬರೆದುಕೊಳ್ಳಲು ದಡದಲ್ಲಿ ಯಾರೂ ನಿಂತಿರಲಿಲ್ಲ.

ಯೊಹಾನ್ನಾ 2015ರಲ್ಲಿ 50 ಮೀಟರ್ ಮುಟ್ಟಿದಳು. ಮುಂದಿನ ದೊಡ್ಡ ಪ್ರಯತ್ನಕ್ಕೆ ಕೊರೋನಾ ಅಡ್ಡಬಂತು. 2021ರ ಮಾರ್ಚಿನಲ್ಲಿ ಹೈನೋಲಾ ಊರಿನ ಓಲ್ಲೊರಿ ಕೆರೆಗೆ ಇಳಿದಳು. ರಬ್ಬರಿನ ಉಡುಪಿಲ್ಲ, ಕಾಲಿಗೆ ರೆಕ್ಕೆಯಿಲ್ಲ, ಈಜುಡುಗೆಯೊಂದೇ. ಚಳಿನೀರಿಗೆ ಬಿದ್ದೊಡನೆ ಎದೆ ಹಾರಿ ಉಸಿರೆಳೆಯುವಂತಾಗುತ್ತದಲ್ಲ, ಅದನ್ನು ಪಳಗಿಸಲು ವರ್ಷಗಳೇ ಬೇಕು. ಮುಖ ನೀರಲ್ಲಿ ಮುಳುಗಿದ ಮೇಲೆ ಗುಂಡಿಗೆ ನಿಧಾನವಾಗುತ್ತದೆ, ಕೈಕಾಲಿನ ರಕ್ತನಾಳ ಬಿಗಿದು ನೆತ್ತರು ಒಳಗಿನ ಅಂಗಗಳಿಗೆ ಉಳಿಯುತ್ತದೆ. ಒಂದೇ ಉಸಿರಿನಲ್ಲಿ 103 ಮೀಟರ್, ಎರಡು ನಿಮಿಷ ನಲವತ್ತೆರಡು ಸೆಕೆಂಡು. ಹಿಂದಿನ ತಿಂಗಳಷ್ಟೇ ಚೆಕ್ ದೇಶದ ಡೇವಿಡ್ ವೆನ್ಸಲ್ ಸುಮಾರು 81 ಮೀಟರ್ ಈಜಿದ್ದ. ಅದನ್ನೂ ದಾಟಿದ್ದಳು, ಮುರಿದಿದ್ದ ಆ ಕಾಲಿನಲ್ಲೇ.

ಆ ತಯಾರಿಯಲ್ಲೆಲ್ಲ ಜೊತೆಗಿದ್ದವಳು ಸಹೋದರಿ ಎಲಿನಾ. ನನಗೇಕೋ ಮೇಲೆ ಕಾಯುವವರದೇ ಯೋಚನೆ. ಆ ಎರಡು ಮುಕ್ಕಾಲು ನಿಮಿಷ ಅವರು ಉಸಿರಾಡಿದರೋ ಇಲ್ಲವೋ.

ಮರುದಿನ ಮಗಳು ಐಸ್ ಇಟ್ಟು ಗಡಿಯಾರ ನೋಡುತ್ತಾ ಎಣಿಸಿದಳು. ನಲವತ್ತಕ್ಕೇ ಕಾಲೆಳೆದುಕೊಂಡೆ. ಅದರ ಮರುದಿನ ಐವತ್ತು.